ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ

ಆ ಚೀಟಿಯ ಮೇಲೆ ನಾನು ಬರೆದದ್ದು ಎರಡೇ ಸಾಲು: ‘ಗೇಮ್ ಹಾಕಿ ನೋಡಲಾಗಿದೆ, ಸರಾಸರಿ 38. ಸಲೀಸಾಗಿ ಓಡುತ್ತದೆ.’ ಕೆಳಗೆ ನನ್ನ ಸಹಿ ಮತ್ತು ತಾರೀಕು. 2017ರ ಏಪ್ರಿಲ್ 26, ಬುಧವಾರ. ನಾಸಿಕ್‌ನ ಆ ಅಂಗಡಿಯಿಂದ ಕನ್ನಡದಲ್ಲಿ ಹೊರಬಿದ್ದ ಮೊದಲ ಚೀಟಿ ಅದು.

ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ತಂದು, ಬಿಚ್ಚಿ, ಸರಿಪಡಿಸಿ ಮಾರುವ ಅಂಗಡಿ ನಮ್ಮದು. ಪ್ರತಿ ಲ್ಯಾಪ್‌ಟಾಪಿನ ಜೊತೆ ಏನೇನು ಪರೀಕ್ಷೆ ಮಾಡಿದ್ದೇವೆಂದು ಕೈಬರಹದ ಚೀಟಿ ಕೊಡುವುದು ಮಾಲೀಕರ ಪದ್ಧತಿ. ಪರೀಕ್ಷೆ ಮಾಡುವುದೂ ಚೀಟಿ ಬರೆಯುವುದೂ ನನ್ನ ಕೆಲಸ. ಬರೆದದ್ದರ ಪ್ರತಿಯನ್ನು ದಿನಚರಿಯಲ್ಲೂ ಇಳಿಸಿಕೊಳ್ಳುತ್ತಿದ್ದೆ. ಆ ವರ್ಷ ಏಪ್ರಿಲ್‌ವರೆಗೆ ನಾನು ಬರೆದ ಚೀಟಿಗಳು ನೂರಾ ಹನ್ನೊಂದು. ದೂರು ಬಂದದ್ದು ನಾಲ್ಕು. ಈ ಎರಡು ಅಂಕಿಗಳ ಬಗ್ಗೆ ನನಗೆ ಸಾಕಷ್ಟು ಹೆಮ್ಮೆಯಿತ್ತು.

ಆ ದಿನ ಬಂದವರು ಇಬ್ಬರು. ಒಬ್ಬರು ದೇವಳಾಲಿ ಕ್ಯಾಂಪಿನಲ್ಲಿ ಗೌಂಡಿ ಕೆಲಸ ಮಾಡುವವರು. ಇನ್ನೊಬ್ಬರು ಅವರ ಹೆಂಡತಿಯ ಅಣ್ಣ, ಸಂಭಾಜಿನಗರದ ಹತ್ತಿರದ ಬಿಡಕಿನ್‌ನಿಂದ ಬಂದವರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಒಂದು ಗೇಮಿನ ಡಿಸ್ಕು. ಬಿಡಕಿನ್‌ನವರು ನನ್ನ ಮುಂದೆ ಕಷ್ಟಪಟ್ಟು ಹಿಂದಿಯಲ್ಲಿ ಮಾತಾಡಿ, ತಂಗಿಯ ಗಂಡನ ಕಡೆ ತಿರುಗಿ ಮೆಲ್ಲಗೆ, “ಈ ಹುಡುಗಿಗಿ ಗೊತ್ತಾಗೂದಿಲ್ಲ ಬಿಡೋ, ದೊಡ್ಡವ್ರನ್ನ ಕರಿ” ಅಂದರು. ನಾನು ಕನ್ನಡದಲ್ಲೇ, “ಹೇಳಿ ನೋಡ್ರಿ ಅಣ್ಣಾರ, ಗೊತ್ತಾದರೂ ಆದೀತು” ಅಂದೆ. ನಮ್ಮ ತಂದೆ ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕಿನವರು. ಮನೆಯಲ್ಲಿ ಉಳಿದಷ್ಟು ಕನ್ನಡ ನನ್ನ ನಾಲಗೆಯಲ್ಲಿತ್ತು. ಅವರು ನಾಚಿಕೊಂಡು ನಕ್ಕರು. ಆಮೇಲೆ ನನ್ನನ್ನು ಶಾಲೆಯ ಶಿಕ್ಷಕಿಯನ್ನು ಕರೆಯುವ ಹಾಗೆ ‘ಅಕ್ಕೋರ’ ಎಂದೇ ಕರೆದರು, ವಯಸ್ಸಿನಲ್ಲಿ ನನಗಿಂತ ಹನ್ನೆರಡು ವರ್ಷ ದೊಡ್ಡವರಾದರೂ.

ಅವರದು ಸಿಂದಗಿ ಕಡೆಯ ಊರು. ಬಿಡಕಿನ್‌ನಲ್ಲಿ ಕಾರ್ಖಾನೆಗಳಿಗೆ ನೆಲ ಸಮ ಮಾಡುವ ಕೆಲಸ ನಡೆದಿತ್ತು. ಅಲ್ಲಿ ಅವರು ಆರು ವರ್ಷದಿಂದ ಮಣ್ಣು ಅಗೆಯುವ ಪೊಕ್ಲೇನ್ ಯಂತ್ರದ ಹೆಲ್ಪರ್: ಗ್ರೀಸು ಹಚ್ಚುವುದು, ಡೀಸೆಲ್ ತುಂಬುವುದು, ಹಳ್ಳದ ಅಂಚಿನಲ್ಲಿ ನಿಂತು ಆಪರೇಟರ್‌ಗೆ ಕೈಸನ್ನೆ ಮಾಡುವುದು. ಯಂತ್ರದ ಸೀಟಿನಲ್ಲಿ ಒಮ್ಮೆಯೂ ಕೂತವರಲ್ಲ. ಈಗ ಗುತ್ತಿಗೆದಾರರು ಹೊಸ ಆಪರೇಟರ್‌ಗಳನ್ನು ತಯಾರು ಮಾಡಲು ಹೊರಟಿದ್ದರು. ಮೊದಲ ಪರೀಕ್ಷೆ ನಿಜವಾದ ಯಂತ್ರದ ಮೇಲಲ್ಲ, ಕಂಪ್ಯೂಟರ್ ಮುಂದೆ: ಎರಡು ಲಿವರ್, ಒಂದು ತೆರೆ, ತೆರೆಯಲ್ಲಿ ಮಣ್ಣು ಅಗೆದು ಚೆಲ್ಲದಂತೆ ಲಾರಿಗೆ ತುಂಬಬೇಕು. ಪರೀಕ್ಷೆ ಮೇ 25ಕ್ಕೆ. ಮೂವತ್ತೈದು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ಅವರಿಗೆ ಆಗಲೇ ಮೂವತ್ತೈದು ನಡೆಯುತ್ತಿತ್ತು.

ಡಿಸ್ಕಿನಲ್ಲಿದ್ದದ್ದು ಅಂಥದೇ ಯಂತ್ರ ನಡೆಸುವ ಗೇಮ್. ಸೈಟಿನ ಸೂಪರ್‌ವೈಸರ್ ಕೊಟ್ಟದ್ದಂತೆ. ಜೊತೆಗೆ ಎರಡು ಪುಟ್ಟ ಹಿಡಿಕೆಗಳಿರುವ ಗೇಮ್‌ಪ್ಯಾಡ್. ಎಡಗೈಯದು ಯಂತ್ರವನ್ನು ತಿರುಗಿಸುತ್ತದೆ, ತೋಳನ್ನು ಚಾಚುತ್ತದೆ. ಬಲಗೈಯದು ಬಕೆಟನ್ನು ಎತ್ತಿ ಮಗುಚುತ್ತದೆ. ನಿಜವಾದ ಯಂತ್ರದಲ್ಲೂ ಲಿವರ್‌ಗಳ ಏರ್ಪಾಡು ಹಾಗೆಯೇ. ಅವರ ಪ್ರಶ್ನೆ ಒಂದೇ: ಈ ಗೇಮು ಈ ಲ್ಯಾಪ್‌ಟಾಪಿನಲ್ಲಿ ತಡೆಯದೆ ಓಡುತ್ತದೆಯೇ?

ನಾನು ಕ್ರಮವಾಗಿಯೇ ಪರೀಕ್ಷಿಸಿದೆ. ಆ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಇದ್ದವು: ಪ್ರೊಸೆಸರ್ ಒಳಗೇ ಇರುವ ಚಿಕ್ಕದು ಮತ್ತು ಬೇರೆಯಾಗಿ ಕೂರಿಸಿದ ಕಾರ್ಡು. ಗೇಮ್ ತಾನಾಗಿ ಚಿಕ್ಕದನ್ನು ಹಿಡಿದುಕೊಂಡು ಸೆಕೆಂಡಿಗೆ ಹದಿನಾಲ್ಕು ಚಿತ್ರ ಮಾತ್ರ ತೋರಿಸುತ್ತಿತ್ತು. ಸೆಟ್ಟಿಂಗ್ ಬದಲಿಸಿ ಕಾರ್ಡಿಗೆ ಒಪ್ಪಿಸಿದೆ. ಅಂಕಿ ಮೂವತ್ತರ ಮೇಲೆ ಹೋಯಿತು. ಎಸಿ ಹಾಕಿದ ಕೋಣೆ, ಗಾಜಿನ ಮೇಜು, ಹತ್ತು ನಿಮಿಷದ ಓಟ, ಸರಾಸರಿ 38. ಚೀಟಿ ಬರೆದೆ. ಅದನ್ನು ಎರಡು ಕೈಯಿಂದ ತೆಗೆದುಕೊಂಡು ಅವರು ಹೇಳಿದ್ದು: “ನಮ್ಮ ಮಂದಿನ ಬರದು ಕೊಟ್ಟ ಮ್ಯಾಲ ಮುಗೀತು. ಇನ್ನೇನ್ ಕೇಳೂದೈತಿ.” ಆ ಮಾತು ನನಗೆ ಆಗ ಹಿತವೆನಿಸಿತು.

ಮೇ 2ರಂದು ಮಾಲೀಕರು ನನ್ನನ್ನು ಒಂದು ತಿಂಗಳ ಮಟ್ಟಿಗೆ ಸಂಭಾಜಿನಗರದ ತಮ್ಮ ಇನ್ನೊಂದು ಅಂಗಡಿಗೆ ಕಳಿಸಿದರು. 4ರಂದು ಬಿಡಕಿನ್‌ನವರ ಫೋನು. ಐದು ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ಬಕೆಟ್ ಮಣ್ಣಿಗೆ ತಾಕಿದಾಗಲೆಲ್ಲ ಚಿತ್ರ ತಡೆಯುತ್ತದೆ, ಮತ್ತೆ ಜಿಗಿಯುತ್ತದೆ ಎಂದರು. ಮರುದಿನ ಮಧ್ಯಾಹ್ನ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ತಂದರು. ನಾನು ಮೇಜಿನ ಮೇಲಿಟ್ಟು ಓಡಿಸಿದೆ. ಒಂದು ಸಲವೂ ತಡೆಯಲಿಲ್ಲ. ಅವರೇ ಕೂತು ಹದಿನೈದು ನಿಮಿಷ ಅಗೆದರು, ಆಗಲೂ ಇಲ್ಲ. ಅವರು ಎದ್ದು ನಿಂತು, ತಮ್ಮದೇ ಏನೋ ತಪ್ಪಾಗಿದೆ ಎಂಬಂತೆ ಟವೆಲ್ ಮಡಚತೊಡಗಿದರು. ದಿನಚರಿಯಲ್ಲಿ ಬರೆದೆ: ‘ದೋಷ ಕಾಣಲಿಲ್ಲ.’

8ರಂದು ಮತ್ತೆ ಬಂದರು. ಈ ಸಲ ನಾನು ಬಿಚ್ಚಿದೆ. ಫ್ಯಾನಿನಲ್ಲಿ ಸೈಟಿನ ಕೆಂಪು ಧೂಳು ಕೂತಿತ್ತು, ಬ್ರಶ್ಶಿನಿಂದ ತೆಗೆದೆ. ಕಾರ್ಡಿನ ಬಿಸಿ ಹೊರಹಾಕಲು ಹಚ್ಚುವ ಪೇಸ್ಟ್ ಒಣಗಿತ್ತು, ಒರೆಸಿ ಹೊಸದು ಹಚ್ಚಿದೆ. ಅಂಗಡಿಯಲ್ಲಿ ಮತ್ತೆ ಸರಾಸರಿ 38, ಒಂದು ಸಲ 39 ಕೂಡ. ಲ್ಯಾಪ್‌ಟಾಪ್ ಎಲ್ಲಿಟ್ಟು ಆಡುತ್ತೀರಿ ಎಂದು ಕೇಳಿದೆ. ಹಾಸಿಗೆಯ ಮೇಲಿಟ್ಟರೆ ಕೆಳಗಿನ ಜಾಲರಿ ಮುಚ್ಚಿ ಬಿಸಿಯಾಗುತ್ತದೆಂಬುದು ನಮ್ಮ ಪ್ರಶ್ನೆಪಟ್ಟಿಯಲ್ಲೇ ಇತ್ತು.

“ಹಾಸಿಗಿ ಮ್ಯಾಲ ಇಡ್ತಾರೇನ್ರಿ ಅಕ್ಕೋರ? ವಿದ್ಯಾದ ಸಾಮಾನು. ಟ್ರಂಕಿನ ಮ್ಯಾಲ ಇಟ್ಟೀನಿ.”

ಟ್ರಂಕು ತಗಡಿನದು, ಗಟ್ಟಿ, ಸಪಾಟು. ಪಟ್ಟಿಯಲ್ಲಿ ‘ಗಟ್ಟಿ ಜಾಗ: ಹೌದು’ ಎಂದು ಗುರುತು ಹಾಕಿ ಕಳಿಸಿದೆ.

10ರ ಸಂಜೆ ಮತ್ತೆ ಫೋನ್ ಬಂತು. ಈ ಸಲ ದೂರಿರಲಿಲ್ಲ. ತಮಗೆ ರೂಢಿಯಾಗಿದೆ, ಇನ್ನು ತೊಂದರೆ ಕೊಡುವುದಿಲ್ಲ ಎಂದು ಹೇಳಲಿಕ್ಕೆ ಮಾಡಿದ್ದರು. ರೂಢಿ ಅಂದರೆ ಹೇಗೆ ಎಂದು ಕೇಳಿದೆ.

“ಅದು ತಡಾ ಮಾಡ್ತೈತಿ ಅಂತ ಗೊತ್ತಾತಲ್ರಿ, ನಾನೂ ಕೈ ಲಗೂನ ತಗೀತೀನಿ. ಬಕೆಟ್ ಲಾರಿ ಮ್ಯಾಲ ಹೋಗೂಕಿಂತ ಮೊದ್ಲ ಬಿಟ್ರ ಬರೋಬ್ಬರಿ ಬೀಳ್ತೈತಿ.”

ಫೋನ್ ಇಟ್ಟ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಚಿತ್ರ ತಡವಾಗಿ ಬರುವುದಕ್ಕೆ ಅವರ ಕೈ ಹೊಂದಿಕೊಳ್ಳುತ್ತಿತ್ತು. ಪರೀಕ್ಷೆಯ ಯಂತ್ರ ತಡ ಮಾಡುವುದಿಲ್ಲ. ಅಲ್ಲಿ ಕೈ ಮೊದಲೇ ಬಿಟ್ಟರೆ ಮಣ್ಣು ಲಾರಿಗಿಂತ ಈಚೆಗೇ ಚೆಲ್ಲುತ್ತದೆ. ಅವರು ದಿನಕ್ಕೆ ಎರಡು ಗಂಟೆ ಶ್ರದ್ಧೆಯಿಂದ ತಪ್ಪನ್ನು ಕಲಿಯುತ್ತಿದ್ದರು, ನನ್ನ ಚೀಟಿಯನ್ನು ನಂಬಿ. ಪರೀಕ್ಷೆಗೆ ಉಳಿದದ್ದು ಹದಿನೈದು ದಿನ.

ಮಾಲೀಕರಿಗೆ ನಾಸಿಕ್‌ಗೆ ಫೋನ್ ಮಾಡಿದೆ. ಅವರು ಕೆಟ್ಟವರಲ್ಲ, ಆದರೆ ಅವಸರದವರು. ಗೇಮ್ ಭಾರದ್ದು, ಲ್ಯಾಪ್‌ಟಾಪ್ ಹಳೆಯದು, ಅಂಗಡಿಯಲ್ಲಿ ಎರಡು ಸಲ ಸರಿಯಾಗಿ ಓಡಿದೆ, ಇನ್ನು ನಮ್ಮ ಹೊಣೆ ಮುಗಿಯಿತು ಎಂದರು. ಮನೆಗೆ ಹೋಗಿ ನೋಡುವುದು ನಮ್ಮ ಪದ್ಧತಿಯಲ್ಲ ಎಂದೂ ಹೇಳಿದರು. ನಾನು ಭಾನುವಾರ ನನ್ನ ರಜೆಯಲ್ಲಿ ಹೋಗುತ್ತೇನೆ ಎಂದೆ. “ತುಝೀ ಮರ್ಜೀ,” ಅಂದರು, ನಿನ್ನಿಷ್ಟ ಎಂದು.

ಮೇ 14, ಭಾನುವಾರ. ಬಸ್ಸಿಳಿದು ಸೈಟಿನವರೆಗೆ ನಡೆದೆ. ಕೆಲಸಗಾರರ ಮನೆಗಳು ಸಾಲಾಗಿ, ಗೋಡೆಯೂ ತಗಡು, ಚಾವಣಿಯೂ ತಗಡು. ಮಧ್ಯಾಹ್ನ ಎರಡಕ್ಕೆ ಅಣ್ಣಾರ ಮನೆಯೊಳಗೆ ನನ್ನ ಥರ್ಮಾಮೀಟರ್ 42 ತೋರಿಸಿತು. ಅವರು ಅಭ್ಯಾಸ ಮಾಡುತ್ತಿದ್ದದ್ದು ಊಟದ ಬಿಡುವಿನ ಈ ಹೊತ್ತಿನಲ್ಲೇ. ಅವರ ಹೆಂಡತಿ ನೀರು ಕೊಟ್ಟು, ಜೋಳದ ರೊಟ್ಟಿ ತಿಂದೇ ಕೆಲಸ ಶುರು ಮಾಡಬೇಕೆಂದರು. ಅವರನ್ನು ನಾನು ಅತ್ತಿಗೆಯನ್ನು ಕರೆಯುವ ಹಾಗೆ ವೈನಿ ಅಂದೆ. ಆ ಗಳಿಗೆಯಿಂದ ಅವರಿಗೆ ನಾನು ತಂಗಿ.

ಟ್ರಂಕು ಹೇಳಿದ ಹಾಗೆಯೇ ಇತ್ತು. ಅದರ ಮೇಲೆ ನಾಲ್ಕು ಮಡಿಕೆಯ ಕೌದಿ ಇತ್ತು. ಹಳೆಯ ಇಳಕಲ್ ಸೀರೆಗಳ ತುಂಡು ಕೂಡಿಸಿ ವೈನಿ ಹೊಲಿದದ್ದು, ಒತ್ತೊತ್ತಾದ ಹೊಲಿಗೆ, ಅಂಗೈ ದಪ್ಪ. ಕೌದಿಯ ಮೇಲೆ ಲ್ಯಾಪ್‌ಟಾಪ್. ಅದರ ಮುಚ್ಚಳದ ಮೂಲೆಯಲ್ಲಿ ಬಸವ ಜಯಂತಿಯ ದಿನ ಹಚ್ಚಿದ ಕುಂಕುಮ ಇನ್ನೂ ಉಳಿದಿತ್ತು.

ಅವರು ಸುಳ್ಳು ಹೇಳಿರಲಿಲ್ಲ. ಬೆಲೆಬಾಳುವ ವಸ್ತುವನ್ನು ಬರೀ ತಗಡಿನ ಮೇಲೆ ಇಡುವುದುಂಟೇ? ಬಂದ ಬೀಗರನ್ನು ಕೂಡಿಸಲು ಕೌದಿ ಹಾಸುತ್ತಾರೆ, ಇದಕ್ಕೂ ಹಾಸಿದ್ದರು. ಅದು ಹೇಳಬೇಕಾದ ಸಂಗತಿ ಎಂದು ಅವರಿಗೆ ಹೊಳೆದಿರಲಿಲ್ಲ, ಕೇಳಬೇಕಾದ ಸಂಗತಿ ಎಂದು ನನಗೂ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ನನ್ನ ಮೊದಲ ಕಂಪ್ಯೂಟರಿನ ಕೆಳಗೂ ಅವ್ವ ಕಸೂತಿಯ ಬಟ್ಟೆ ಹಾಸಿದ್ದಳು.

ನಾನು ಏನನ್ನೂ ಮುಟ್ಟದೆ ಮೊದಲು ಅಳೆದೆ. ತೆರೆಯ ಮೂಲೆಯಲ್ಲಿ ಚಿತ್ರಗಳ ಸಂಖ್ಯೆ, ಕಾರ್ಡಿನ ಬಿಸಿ, ಅದರ ವೇಗ ಮೂರನ್ನೂ ತೋರಿಸುವ ಪುಟ್ಟ ಪ್ರೋಗ್ರಾಮ್ ಹಾಕಿ, ಅವರಿಗೆ ಎಂದಿನಂತೆ ಅಗೆಯಲು ಹೇಳಿದೆ. ಅರ್ಧ ನಿಮಿಷಕ್ಕೊಮ್ಮೆ ಬರೆದುಕೊಂಡೆ: 38, 38, 37, 38. ಆರನೇ ನಿಮಿಷಕ್ಕೆ ಬಿಸಿ 95 ಮುಟ್ಟಿತು. ಕಾರ್ಡು ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ಅರ್ಧಕ್ಕೂ ಕಡಿಮೆ ಮಾಡಿಕೊಂಡಿತು. 11. ಸ್ವಲ್ಪ ತಣ್ಣಗಾದ ಕೂಡಲೇ 33. ಮತ್ತೆ 12. ಅವರ ಹೆಬ್ಬೆರಳುಗಳನ್ನೂ ನೋಡಿದೆ: ಬಕೆಟ್ ಲಾರಿಯ ಅಂಚಿಗೆ ಬರುವ ಮುಂಚೆಯೇ ಬಲಗೈ ಬಿಡುತ್ತಿತ್ತು, ಪ್ರತಿ ಸಲ.

ಕೌದಿ ತೆಗೆಯಬೇಕೆಂದಾಗ ವೈನಿಗೆ ಸರಿಬರಲಿಲ್ಲ. “ಬರೇ ಟ್ರಂಕಿನ ಮ್ಯಾಲ ಕುಂಡ್ರಸೂದೇನ? ಅದೂ ಸುಡ್ತೈತ್ಯಲ್ಲ ತಂಗಿ” ಅಂದರು. ಅದೂ ನಿಜ, ತಗಡಿನ ಟ್ರಂಕು ಕೈ ಇಡಲಾಗದಷ್ಟು ಕಾದಿತ್ತು. ಅಣ್ಣಾರು ಎದ್ದು ಹೊರಗೆ ಹೋದರು. ಸೈಟಿನಲ್ಲಿ ಉಸುಕು ಸೋಸುವ ದೊಡ್ಡ ಸಾಣಗಿಯ ಮುರಿದ ತುಂಡೊಂದು ಬಿದ್ದಿತ್ತು, ಕಬ್ಬಿಣದ ಜಾಲರಿ. ಅದನ್ನೂ ಎರಡು ಇಟ್ಟಿಗೆಗಳನ್ನೂ ತಂದರು. ವೈನಿ ಮೂರನ್ನೂ ತೊಳೆದು ಒರೆಸಿದರು. ಇಟ್ಟಿಗೆಗಳ ಮೇಲೆ ಜಾಲರಿ, ಜಾಲರಿಯ ಮೇಲೆ ಲ್ಯಾಪ್‌ಟಾಪ್, ಕೆಳಗೆ ಗಾಳಿ ಆಡುವಷ್ಟು ಜಾಗ. ಮಡಚಿದ ಕೌದಿಯ ಮೇಲೆ ಆಡುವವರೇ ಕೂತರು.

ಎರಡನೇ ಓಟದಲ್ಲಿ ಬಿಸಿ 88ಕ್ಕೆ ನಿಂತೀತೆಂದು ಅಂದುಕೊಂಡಿದ್ದೆ. ನಿಲ್ಲಲಿಲ್ಲ. ಹದಿನೆಂಟನೇ ನಿಮಿಷಕ್ಕೆ ಮತ್ತೆ ಏರಿ, ಅಂಕಿ 38ರಿಂದ 19ಕ್ಕೆ ಬಿತ್ತು. ಆ ತಗಡಿನ ಕೆಳಗೆ ಆ ಕಾರ್ಡು 38ನ್ನು ಹೊತ್ತುಕೊಂಡು ಇರಲಾರದು. ಮಾಲೀಕರು ಹೇಳಿದ್ದು ಅರ್ಧ ಸರಿಯಾಗಿಯೇ ಇತ್ತು.

ಸ್ವಲ್ಪ ಹೊತ್ತು ದಿನಚರಿ ನೋಡುತ್ತ ಕೂತೆ. ಕೌದಿಯ ಮೇಲಿನ ಓಟದ ಸರಾಸರಿ ಹಾಕಿದರೆ 27 ಬಂತು. ಕಾಗದದ ಮೇಲೆ ಅದು ಕೆಟ್ಟದೇನಲ್ಲ. ಅಂಥ ಅಂಕಿಗೆ ನಾನು ಹಿಂದೆ ‘ಓಡುತ್ತದೆ’ ಎಂದು ಬರೆದಿದ್ದೇನೆ. ಆದರೆ ಅವರ ಕೈಗೆ ಸರಾಸರಿ ಗೊತ್ತಿರಲಿಲ್ಲ. ಕೈಗೆ ಗೊತ್ತಿದ್ದದ್ದು ಆ 11, ಆಮೇಲಿನ 33, ಅವೆರಡರ ನಡುವಿನ ಜಿಗಿತ. ನೂರಾ ಹನ್ನೊಂದು ಚೀಟಿಗಳಲ್ಲಿ ಒಂದರಲ್ಲೂ ನಾನು ಅತಿ ಕಡಿಮೆಯ ಅಂಕಿ ಬರೆದಿರಲಿಲ್ಲ. ಹತ್ತು ನಿಮಿಷದ ಆಚೆಗೆ ಓಡಿಸಿಯೂ ಇರಲಿಲ್ಲ.

ಅಲ್ಲಿಯವರೆಗೆ ನನ್ನ ಕೆಲಸವೆಲ್ಲ ಅಂಕಿಯನ್ನು ಏರಿಸುವುದಾಗಿತ್ತು. ಆ ಮಧ್ಯಾಹ್ನ ಇಳಿಸುವುದೆಂದು ತೀರ್ಮಾನಿಸಿದೆ. ಸೆಕೆಂಡಿಗೆ ಇಪ್ಪತ್ನಾಲ್ಕಕ್ಕಿಂತ ಹೆಚ್ಚು ಚಿತ್ರ ಮಾಡಬಾರದೆಂದು ಕಾರ್ಡಿಗೆ ಮೇಲ್ಮಿತಿ ಹಾಕಿದೆ. ನೆರಳು ತೆಗೆದೆ. ಹಾರುವ ಧೂಳು, ಮೋಡ, ದೂರದ ಗಿಡಗಳು ಎಲ್ಲ ತೆಗೆದೆ. ಚಿತ್ರದ ನಯವನ್ನು ಎರಡು ಮೆಟ್ಟಿಲು ಇಳಿಸಿದೆ. ಬಕೆಟ್, ಮಣ್ಣು, ಲಾರಿ ಇಷ್ಟೇ ಉಳಿದವು. ಮಾಡುವ ಮುಂಚೆ ಅವರಿಬ್ಬರಿಗೂ ಹೇಳಿದೆ: ಏಪ್ರಿಲ್‌ನಲ್ಲಿ ನಾನು ಬರೆದುಕೊಟ್ಟದ್ದು ತಪ್ಪು, ಹತ್ತು ನಿಮಿಷ ತಂಪಿನಲ್ಲಿ ನೋಡಿ ಬರೆದದ್ದು; ಇವರ ಕೈಗೆ ತಪ್ಪು ಅಭ್ಯಾಸ ಹತ್ತಿದ್ದು ಅದರಿಂದ. ವೈನಿ ಗಂಡನ ಮುಖ ನೋಡಿದರು. ಅವರು ತಮ್ಮ ಹೆಬ್ಬೆರಳುಗಳನ್ನು ನೋಡಿಕೊಂಡರು. ಆಮೇಲೆ, “ಮತ್ತ ನಾ ಇಷ್ಟ ದಿನಾ ಕಲ್ತಿದ್ದು?” ಅಂದರು.

“ಬಿಡಬೇಕಾಗ್ತದ ಅಣ್ಣಾರ.”

“ಹನ್ನೊಂದು ದಿನದಾಗ?”

ಗೇಮ್ ಹಚ್ಚಿದೆ. ತೆರೆ ನೋಡಿ ವೈನಿ, “ಅಯ್ಯ, ಮಣ್ಣು ಹೋಗಿ ಹಿಟ್ಟಿನ ಮುದ್ದಿ ಆತಲ್ಲ” ಎಂದು ನಕ್ಕರು. ಚಿತ್ರ ನಿಜವಾಗಿಯೂ ಕುರೂಪವಾಗಿತ್ತು. ನಲವತ್ತು ನಿಮಿಷ ಓಡಿಸಿದೆವು. ಬರೆದುಕೊಂಡದ್ದು: 24, 24, 24, 23, 24. ಬಿಸಿ 79ರ ಮೇಲೆ ಹೋಗಲಿಲ್ಲ. ಅತಿ ಕಡಿಮೆ 23. ಅವರ ಮೊದಲ ಇಪ್ಪತ್ತು ಬಕೆಟ್‌ಗಳಲ್ಲಿ ಹದಿನಾರು ಲಾರಿಯ ಈಚೆಗೆ ಬಿದ್ದವು. ಚಿತ್ರ ಸರಿಯಾದ ಕೂಡಲೇ ಕೈಯ ತಪ್ಪು ಕಾಣತೊಡಗಿತ್ತು. ಅವರು ಹಲ್ಲು ಕಚ್ಚಿ ಆಡಿದರು, ನಗಲಿಲ್ಲ.

ಹೊರಡುವಾಗ ಹಳೆಯ ಚೀಟಿಯನ್ನು ವಾಪಸು ಕೇಳಿದೆ. ಗೋಡೆಯ ಮೇಲಿನ ದೇವರ ಪಟದ ಹಿಂದಿನಿಂದ ತೆಗೆದುಕೊಟ್ಟರು. ಹೊಸದು ಬರೆದೆ: ‘ಮನೆಯಲ್ಲಿ, ಮಧ್ಯಾಹ್ನ, ನಲವತ್ತು ನಿಮಿಷ. 24ಕ್ಕೆ ಕಟ್ಟಲಾಗಿದೆ. ಅತಿ ಕಡಿಮೆ 23. ಕೆಳಗೆ ಬಟ್ಟೆ ಹಾಸಬಾರದು.’

ಮುಂದಿನ ಹತ್ತು ದಿನದ ಲೆಕ್ಕ ಇಟ್ಟದ್ದು ವೈನಿ. ಅವರಿಗೆ ಓದು ಬರಹ ಬಾರದು. ಒಲೆಯ ಹತ್ತಿರದ ತಗಡಿನ ಮೇಲೆ, ಲಾರಿಗೆ ಬಿದ್ದ ಬಕೆಟ್‌ಗೆ ಸುಣ್ಣದ ಕಡ್ಡಿಯಿಂದ ಒಂದು ಗೀಟು, ಚೆಲ್ಲಿದ್ದಕ್ಕೆ ಇದ್ದಿಲಿನ ಗೀಟು. ದಿನಾ ಸಂಜೆ ಫೋನಿನಲ್ಲಿ ಎಣಿಸಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ದಿನಕ್ಕೆ ನಲವತ್ತು ಬಕೆಟ್. 15ರಂದು ಬಿಳಿ ಹನ್ನೊಂದು. 17ರಂದು ಹದಿನಾರು. 18ರಂದು ಮತ್ತೆ ಒಂಬತ್ತಕ್ಕೆ ಇಳಿಯಿತು. ಅವತ್ತು ಅಣ್ಣಾರು ಗೇಮ್‌ಪ್ಯಾಡನ್ನು ಟ್ರಂಕಿನೊಳಗೆ ಹಾಕಿ ಬೀಗ ಜಡಿದರಂತೆ, ಇನ್ನು ಮುಟ್ಟುವುದಿಲ್ಲವೆಂದು. ಕೀಲಿ ವೈನಿಯ ಸೊಂಟದಲ್ಲಿತ್ತು. “ನಾನ ತಗದು ಕೈಯಾಗ ಕೊಟ್ಟೆ,” ಅಂದರು. “ಆರು ವರ್ಷ ಬಿಸಲಾಗ ನಿಂತು ಕೈ ಮಾಡೀರಿ, ಹನ್ನೊಂದ ದಿನ ಕುಂತು ಕೈ ಮಾಡಾಕ ಆಗೂದಿಲ್ಲೇನ ಅಂದೆ.” 20ರಂದು ಬಿಳಿ ಇಪ್ಪತ್ನಾಲ್ಕು. 24ರಂದು ಮೂವತ್ನಾಲ್ಕು.

25ರ ಸಂಜೆ ಅಣ್ಣಾರೇ ಫೋನ್ ಮಾಡಿದರು. ಪರೀಕ್ಷೆಯಲ್ಲಿ ಕೊಟ್ಟದ್ದು ಹತ್ತು ಬಕೆಟ್. ಮೊದಲನೆಯದು ಈಚೆಗೆ ಬಿತ್ತು. “ಹಳೇ ಕೈ ಬಂದ್ಬಿಟ್ತು ನೋಡ್ರಿ” ಅಂದರು. ಎರಡನೆಯದೂ ಅಂಚಿಗೆ ಬಡಿದು ಅರ್ಧ ಚೆಲ್ಲಿತು. ಅಲ್ಲಿ ಎರಡೂ ಕೈ ಲಿವರಿನಿಂದ ತೆಗೆದು, ತೊಡೆಗೆ ಒರೆಸಿಕೊಂಡು, ಮತ್ತೆ ಹಿಡಿದರಂತೆ. ಉಳಿದ ಎಂಟೂ ಲಾರಿಗೆ ಬಿದ್ದವು. ತೇರ್ಗಡೆಗೆ ಬೇಕಿದ್ದದ್ದು ಎಂಟು.

ನಾಸಿಕ್‌ಗೆ ವಾಪಸಾಗುವ ಮುಂಚೆ ಮಾಲೀಕರ ಹತ್ತಿರ ಒಂದು ಬದಲಾವಣೆ ಕೇಳಿದೆ: ಚೀಟಿಯಲ್ಲಿ ಸರಾಸರಿಯ ಪಕ್ಕ ಅತಿ ಕಡಿಮೆಯ ಅಂಕಿಯೂ ಇರಬೇಕು, ಪರೀಕ್ಷೆ ಅರ್ಧ ಗಂಟೆ ಎಸಿ ಇಲ್ಲದೆ ನಡೆಯಬೇಕು. ಗಿರಾಕಿ ನೋಡುವುದು ದೊಡ್ಡ ಅಂಕಿಯನ್ನೇ, ಸಣ್ಣದು ಬರೆದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂದು ಅವರು ಒಂದು ವಾರ ಒಪ್ಪಲಿಲ್ಲ. ಆಮೇಲೆ, ಗೇಮಿಗೆಂದು ಕೊಳ್ಳುವವರಿಗೆ ಮಾತ್ರ ಬರೆ ಎಂದರು. ಅಷ್ಟೇ ಸಿಕ್ಕಿತು, ಅಷ್ಟನ್ನೇ ಬರೆಯುತ್ತ ಬಂದೆ.

ದೀಪಾವಳಿಯ ನಂತರ ಕೆಲಸದ ಮೇಲೆ ಸಂಭಾಜಿನಗರಕ್ಕೆ ಹೋದಾಗ ಒಂದು ಮಧ್ಯಾಹ್ನ ಬಿಡಕಿನ್‌ಗೂ ಹೋಗಿ ಬಂದೆ. ವೈನಿ ನನ್ನನ್ನು ಸೈಟಿನ ಅಂಚಿನವರೆಗೆ ಕರೆದುಕೊಂಡು ಹೋಗಿ ದೂರಕ್ಕೆ ಬೆರಳು ತೋರಿಸಿದರು. ಹಳದಿ ಯಂತ್ರದ ಸೀಟಿನಲ್ಲಿ ಅವರು ಕೂತಿದ್ದರು. ಹಳ್ಳದ ಅಂಚಿನಲ್ಲಿ ಇನ್ನೊಬ್ಬ ಹೆಲ್ಪರ್ ಕೈಸನ್ನೆ ಮಾಡುತ್ತಿದ್ದ. ಕರೆದರೆ ಕೇಳಿಸುವಷ್ಟು ಹತ್ತಿರವಿರಲಿಲ್ಲ, ಕರೆಯಲೂ ಇಲ್ಲ. ರೂಢಿಯಂತೆ ನಾನು ಗಡಿಯಾರ ನೋಡಿ, ಅಗೆದಲ್ಲಿಂದ ಲಾರಿಗೆ ಸುರಿಯುವವರೆಗೆ ಎಣಿಸಿದೆ. ಆ ದಿನದ ಪುಟದಲ್ಲಿ ಅದು ಹೀಗಿದೆ: ಇಪ್ಪತ್ತೆರಡು ಸೆಕೆಂಡ್. ಇಪ್ಪತ್ತೆರಡು. ಇಪ್ಪತ್ಮೂರು. ಇಪ್ಪತ್ತೆರಡು. ಇಪ್ಪತ್ತೆರಡು.

ಅದರ ಕೆಳಗೆ ಸರಾಸರಿ ಹಾಕಿಲ್ಲ.